ಯುಬ್ಲಿನಾ ಆರಿಸದ ಹೊಗೆ

ಸೆಫ್ನಾತ್ ಇನ್ನು ಬರುವುದಿಲ್ಲ ಎಂದು ಕೂಪಾಂಗಿನ ನಮ್ಮ ಕೇರಿಯವರೆಲ್ಲ ಒಪ್ಪಿಕೊಂಡರು. ಒಪ್ಪದೆ ಉಳಿದವಳು ಅವನ ಹೆಂಡತಿ ಯುಬ್ಲಿನಾ ಒಬ್ಬಳೇ. ಈಸ್ಟರ್ ಹಬ್ಬಕ್ಕೆ ಮೀನು ತರುತ್ತೇನೆಂದು ದೋಣಿ ಹತ್ತಿದ್ದ. ಹಬ್ಬದ ಹೊತ್ತಿಗೆ ಬಂದದ್ದು ಚಂಡಮಾರುತ. ನಮ್ಮ ಮನೆಗಳ ತಗಡು ಹಾರಿಹೋಯಿತು, ಗಾಳಿಗೆ ಬಗ್ಗದ ತಾಳೆಮರಗಳೂ ಮುರಿದು ಬಿದ್ದವು, ಕರೆಂಟು ವಾರಗಟ್ಟಲೆ ಬರಲಿಲ್ಲ. ಯುಬ್ಲಿನಾ ದಿನಾ ಕಡಲ ದಂಡೆಗೆ ಹೋಗಿ, ಬಂದ ದೋಣಿಯವರ ತೋಳು ಹಿಡಿದು ಕೇಳುತ್ತಿದ್ದಳು. ಬರಬರುತ್ತ ಅವರು ಅವಳನ್ನು ಕಂಡರೆ ಮುಖ ತಿರುಗಿಸತೊಡಗಿದರು.

ನಾನು ಅವಳ ಪಕ್ಕದ ಮನೆಯವಳು. ವಯಸ್ಸಿನಲ್ಲಿ ದೊಡ್ಡವಳೆಂದು ಅವಳು ನನ್ನನ್ನು ಊಸಿ ಎಂದೇ ಕರೆಯುತ್ತಿದ್ದಳು. ದನದ ತೊಡೆಯ ಮಾಂಸವನ್ನು ಉದ್ದುದ್ದ ಸೀಳಿ, ಸಾಗಡೆ ಮರದ ಕೆಂಡದ ಮೇಲೆ ಹೊಗೆ ಹಿಡಿಸಿ ಸೇಯಿ ಮಾಡುವುದು ಅವಳ ಕಸುಬು. ನಾನು ಒಗೆದು ಹರವಿದ ಬಟ್ಟೆಗೆಲ್ಲ ಅದೇ ವಾಸನೆ. ಎಷ್ಟೋ ಸಲ ಬೈದಿದ್ದೇನೆ.

ಒಂದು ದಿನ ಸೆಫ್ನಾತನ ಸೋದರಮಾವ ಯೆರ್ಮಿಯಾಸ್ ಬಂದ. ನಮ್ಮಲ್ಲಿ ಸೋದರಮಾವನನ್ನು ತೋ ಎನ್ನುತ್ತೇವೆ. ಸತ್ತವರ ಮನೆಯಲ್ಲಿ ಅವನು ಮಾಂಸ ಉಂಡು ಏಳದೆ ಸಾವು ಮುಗಿಯುವುದಿಲ್ಲ.

"ಯುಬ್ಲಿ, ಶನಿವಾರ ಪ್ರಾರ್ಥನೆ ಇಟ್ಕೊಳ್ಳೋಣ. ಪಾದ್ರಿಗೆ ಹೇಳಿದ್ದೀನಿ."

"ಯಾರಿಗೋಸ್ಕರ ಪ್ರಾರ್ಥನೆ, ತೋ?"

"ಅದನ್ನ ನನ್ನ ಬಾಯಲ್ಲಿ ಹೇಳಿಸ್ಬೇಡ ಕಣವ್ವ."

"ಹೆಣ ಎಲ್ಲಿದೆ? ಏನು ಹೂಳ್ತೀರಿ, ಅವನ ಚಪ್ಪಲೀನಾ?"

ಯುಬ್ಲಿನಾ ಕಣ್ಣೊರೆಸಿಕೊಂಡು, "ಆಯ್ತು. ಊರಲ್ಲಿ ಮಾಂಸ ಸಿಕ್ಕಿದ್ರೆ ಇಟ್ಕೊಳ್ಳಿ" ಎಂದಳು. ಸಿಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಮರುದಿನ ಮಾಂಸ ಕೇಳಲು ನಾನೇ ಅವಳ ಜೊತೆಗೆ ಹೋದೆ. ಸಂತೆಯ ಅಂಗಡಿಗಳು ನೆಲಕ್ಕೆ ಮಲಗಿದ್ದವು. ಎಲ್ಲರೂ ಅಬಾ ಎಂದು ಕರೆಯುವ ಮುಸ್ಲಿಂ ಕಟುಕ ಸಮ್ಸು ಮಾತ್ರ, ಮರ ಬಿದ್ದು ಕಾಲು ಮುರಿದ ಹಸುವೊಂದನ್ನು ಕೊಯ್ದು ಮುಗಿಸಿ ಕಲ್ಲು ತೊಳೆಯುತ್ತಿದ್ದ.

"ತೊಡೆ ಇಲ್ಲ, ಬೆನ್ನಿಲ್ಲ, ಬಾಲಾನೂ ಹೋಯ್ತು. ಕೊಂಬು ಬೇಕಾದ್ರೆ ತಗೊಂಡ್ಹೋಗು" ಎಂದು ನಕ್ಕ.

"ಇಲ್ವಾ? ಸರಿ ಬಿಡಿ ಅಬಾ." ಎಷ್ಟೋ ದಿನಗಳ ಮೇಲೆ ಅವಳ ಮುಖ ಸಡಿಲವಾದದ್ದು ನೋಡಿದೆ.

ನಾನು ಬಾಯಿ ಮುಚ್ಚಿಕೊಂಡಿದ್ದರೆ ಮುಗಿಯುತ್ತಿತ್ತು. "ಸೆಫ್ನಾತ್‌ಗೋಸ್ಕರ ಕೇಳಿದ್ವಿ" ಎಂದುಬಿಟ್ಟೆ. ಅಬಾನ ನಗು ನಿಂತಿತು. ಒಳಗೆ ಹೋಗಿ ಎಲೆಯಲ್ಲಿ ಸುತ್ತಿದ ಗಂಟೊಂದನ್ನು ತಂದ. ದನದ ಎದೆಗೂಡಿಗೂ ಹೊಟ್ಟೆಗೂ ನಡುವೆ ಪರದೆಯ ಹಾಗೆ ಇರುವ ಮಾಂಸದ ಪಟ್ಟಿ. ಅಂಗಡಿಗೆ ಅದು ಬರುವುದೇ ಇಲ್ಲ, ಕಟುಕರು ತಮ್ಮ ಮನೆಗೆ ಇಟ್ಟುಕೊಳ್ಳುತ್ತಾರೆ.

"ನಮ್ಮನೇಗೆ ಅಂತ ಇಟ್ಟಿದ್ದೆ. ತಗೋ."

"ಬೇಡ ಅಬಾ."

"ತಗೋ ತಾಯಿ. ನಮ್ಮ ಹಬ್ಬಕ್ಕೆ ಮೀನು ತಂದ್ಕೊಡ್ತಿದ್ದೋನು ಅವನು."

"ಬೇಡ ಅಂದ್ನಲ್ಲ!" ಅವಳು ಕಿರುಚಿದಳು. ಅಬಾ ಅದನ್ನು ನನ್ನ ಕೈಗೆ ತುರುಕಿದ.

ತೋಗೆ ಮಾತು ಕೊಟ್ಟಾಗಿತ್ತು, ಮನೆಗೆ ಬಂದು ಅವಳು ಕೆಲಸಕ್ಕೆ ಕೂತಳು. ಪಟ್ಟಿಯ ಎರಡೂ ಮೈಗೆ ಅಂಟಿದ ಬಿಳಿ ಪೊರೆಯನ್ನು ಉಗುರಿನಿಂದ ಎತ್ತಿ, ಚಾಕು ಆಡಿಸಿ ಸುಲಿದಳು. ಎಳೆಗುಂಟ ಉದ್ದಕ್ಕೆ ಸೀಳಿ, ಉಪ್ಪು, ಜಜ್ಜಿದ ಬೆಳ್ಳುಳ್ಳಿ, ಬಣ್ಣ ಕೆಡದಿರಲೆಂದು ಚಿಟಿಕೆ ಪೆಟ್ಲುಪ್ಪು ಹಾಕಿ ತಿಕ್ಕಿದಳು. ಮುಚ್ಚಲು ಸಾಗಡೆ ಎಲೆ ಬೇಕಾದಷ್ಟಿತ್ತು, ಮರವೇ ಅಂಗಳದಲ್ಲಿ ಉರುಳಿತ್ತು. ಆದರೆ ಹಸಿ ಮರದಿಂದ ಕೆಂಡವಾಗುವುದಿಲ್ಲ. ಕೊನೆಗೆ, ತಾನು ಸೇಯಿ ಮಾಡುತ್ತಿದ್ದ, ಗಾಳಿಗೆ ಕುಸಿದ ಹೊಗೆಗೂಡಿನ ಹಳೆಯ ಸಾಗಡೆ ಕಂಬವನ್ನೇ ಕೊಡಲಿಯಿಂದ ಸೀಳಿದಳು. ಕೊಡಲಿ ಕಿತ್ತುಕೊಳ್ಳಲು ಹೋದ ನನ್ನನ್ನು ದೂಡಿದಳು.

ಶುಕ್ರವಾರ ಬೆಳಿಗ್ಗೆ ಕೆಂಡ ಹರಡಿ, ಸರಳುಗಳ ಮೇಲೆ ಮಾಂಸ ಇಟ್ಟು, ಎಲೆ ಹೊದಿಸಿದಳು. ತೆಳುವಾದ ಮಾಂಸ, ಮಧ್ಯಾಹ್ನದೊಳಗೆ ಕೆಂಪಾಗಿ ಘಮಘಮಿಸಿತು.

"ಇಳಿಸೇ, ಆಯ್ತು" ಎಂದೆ.

"ಇನ್ನೂ ಆಗಿಲ್ಲ ಊಸಿ."

ಎಲೆ ಬಾಡಿದಂತೆಲ್ಲ ಹೊಸ ಎಲೆ ಹೊದಿಸಿದಳು. ಸಂಜೆಯೂ ಅದೇ ಮಾತು. ಶನಿವಾರ ಜನ ಬಂದು ಚಾಪೆಯ ಮೇಲೆ ಕೂತರು, ಪಾದ್ರಿ ಬಂದ, ಜೋಳದ ಗಂಜಿ ಆರತೊಡಗಿತು. ಅವಳು ಹೊಗೆಯ ಬಳಿಯಿಂದ ಏಳಲಿಲ್ಲ. ತೋ ಎದ್ದು ಹಿತ್ತಲಿಗೆ ಬಂದ. ಎಲೆ ಸರಿಸಿ ಒಂದು ಎಳೆ ತೆಗೆದು ಬಗ್ಗಿಸಿದ. ಅದು ಕಡ್ಡಿಯಂತೆ ಮುರಿಯಿತು.

"ಸಾಕು ಯುಬ್ಲಿ. ಬೆಂಕಿ ಆರ್ಸು."

"ಆರ್ಸಿದ್ರೆ ನೀವು ತಿಂತೀರಿ. ನೀವು ತಿಂದ್ರೆ ಅವನು ಸತ್ತ ಹಾಗೇ ಲೆಕ್ಕ. ತಿನ್ಬೇಡಿ ತೋ. ನಿಮ್ಮ ಕಾಲು ಹಿಡೀತೀನಿ, ತಿನ್ಬೇಡಿ." ಅವಳು ನಿಜವಾಗಿಯೂ ಕಾಲು ಹಿಡಿದಳು.

ಇಸ್ತ್ರಿ ಮಾಡಿದ ಅಂಗಿಯಲ್ಲೇ ಮುದುಕ ಕೆಸರಿನಲ್ಲಿ ಕುಕ್ಕರಿಸಿದ. "ಅವನಿಗೆ ಈಜು ಕಲಿಸಿದ್ದು ನಾನು" ಎಂದ. "ನೀನು ದಂಡೆಯಿಂದ ಮನೆಗ್ ಹೋದ್ಮೇಲೆ ನಾನು ಹೋಗ್ತಿದ್ದೆ ಕಣವ್ವ. ನೀನು ನೋಡ್ಬಾರ್ದು ಅಂತ. ಕೂಗ್ತಿದ್ದೆ. ಹುಚ್ಚನ ಥರ ಹೆಸರು ಹಿಡಿದು ಕೂಗ್ತಿದ್ದೆ." ಅಂಗೈಯಿಂದ ಮುಖ ಒರೆಸಿಕೊಂಡ. "ನನ್ಕೈಲಿ ಇನ್ನು ಕೂಗಕ್ಕಾಗಲ್ಲ."

ಅವಳು ತಲೆಯೆತ್ತಿ ಅವನನ್ನೇ ನೋಡಿದಳು. ಆಮೇಲೆ ತಾನೇ ಒಂದು ಎಳೆ ಎತ್ತಿ, ಬೂದಿ ಕೊಡವಿ, ಅವನ ಕೈಗಿಟ್ಟಳು. ಹಲ್ಲಿಲ್ಲದ ಬಾಯಿಯಲ್ಲಿ ಅವನು ಅದನ್ನು ತುಂಬಾ ಹೊತ್ತು ಅಗಿದ. ಒಳಗೆ ಕೂತವರಿಗೂ ಬಡಿಸಿದೆವು. ಗಟ್ಟಿಯಾಗಿತ್ತು, ಕಹಿಯಾಗಿತ್ತು, ಆದರೂ ಎಲ್ಲರೂ ತಿಂದು ಮುಗಿಸಿದರು.

ಒಣಹವೆ ಶುರುವಾದ ಮೇಲೆ ಸೆಮಾವು ದ್ವೀಪದವರಿಗೆ ನೀಲಿ ಬಣ್ಣದ ಹಲಗೆಯೊಂದು ಸಿಕ್ಕಿತು. ಸೆಫ್ನಾತನ ದೋಣಿಯದೇ ಎಂದು ತೋ ಗುರುತು ಹಿಡಿದ. ಚರ್ಚಿನ ಹಿಂದೆ ಗುಂಡಿ ತೋಡಿ ಅದನ್ನೇ ಹೂಳಿದೆವು. ಯುಬ್ಲಿನಾ ಮೊದಲ ಹಿಡಿ ಮಣ್ಣು ಹಾಕಿದಳು. ಅಳಲಿಲ್ಲ. ಮರುದಿನ ನನ್ನ ಬಾಗಿಲಿಗೆ ಬಂದು, "ಊಸಿ, ಏಣಿ ಹಿಡ್ಕೋತೀಯಾ? ಹೊಗೆಗೂಡಿಗೆ ತಗಡು ಹೊದಿಸ್ಬೇಕು" ಎಂದಳು. ಹೋಗಿ ಹಿಡಿದುಕೊಂಡೆ.