ಕಮಲಾಕರನ ಕಾಶೀಯಾತ್ರೆ

ಯಾರನ್ನೇ ಆಗಲಿ ಮೊದಲು ಅನುಮಾನಿಸು, ಆಮೇಲೆ ಬೇಕಾದರೆ ನಂಬು ಎನ್ನುವುದು ನನ್ನ ಪದ್ಧತಿ. ಹಾಲಿನವಳು ಅಳೆದು ಹಾಕುವಾಗ ನಾನು ಪಾವನ್ನು ನೋಡುವುದಿಲ್ಲ, ಅವಳ ಮುಖ ನೋಡುತ್ತೇನೆ. ಇದರಿಂದ ಮೈಲಾಪೂರಿನ ನಮ್ಮ ವಠಾರದಲ್ಲಿ ರಮಾಬಾಯಿ ಎಂದರೆ ಒಳ್ಳೆಯ ಹೆಸರೇನೂ ಇಲ್ಲ. ಮೋಸವೂ ಹೋಗಿಲ್ಲ. ಹಾಗಾಗಿ ನನ್ನ ತಮ್ಮ ವಿಷ್ಣುತೀರ್ಥ ಒಂದು ಸಂಜೆ ಆಫೀಸಿನಿಂದ ಬಂದವನೇ, "ಅಕ್ಕ, ನಮ್ಮ ನೀರಜಾಗೆ ಒಂದು ನಲ್ಲ, ಒಳ್ಳೇ ಸಂಬಂಧ ಬಂದಿದೆ. ಹುಡುಗನಿಗೆ ಇನ್ಶೂರೆನ್ಸ್‌ನಲ್ಲಿ ಕೆಲಸ. ಒಂದು ದೋಷ ಅಂತ ಹೇಳೋ ಹಾಗಿಲ್ಲ" ಎಂದಾಗ, ದೋಷವನ್ನು ಯಾರೋ ಚೆನ್ನಾಗಿ ಮುಚ್ಚಿಟ್ಟಿದ್ದಾರೆ ಎಂದೇ ತಿಳಿದೆ.

ನನಗೆ ಮಕ್ಕಳಿಲ್ಲ. ಗಂಡ ಹೋದ ಮೇಲೆ ತಮ್ಮನ ಮನೆ ಸೇರಿದೆ. ಸೇರಿದ ವರ್ಷವೇ ತಮ್ಮನ ಹೆಂಡತಿ ತೀರಿಕೊಂಡಳು. ಅಂಬೆಗಾಲಿಡುತ್ತಿದ್ದ ನೀರಜಾಳನ್ನು ಎತ್ತಿ ಆಡಿಸಿ ಬೆಳೆಸಿದವಳು ನಾನು. ಅವಳನ್ನು ಎಂಥವನ ಕೈಗೆ ಕೊಡುತ್ತೇವೆ ಎನ್ನುವುದು ಮಿಕ್ಕವರಿಗೆ ಮದುವೆಯ ಮಾತು, ನನಗೆ ಜೀವದ ಮಾತು.

ಅದು ಅರವತ್ತೊಂದನೇ ಇಸವಿ. ಹುಡುಗ ತಾಯಿಯ ಜೊತೆ ಬಂದ. ಹೆಸರು ಕಮಲಾಕರ. ಬಳ್ಳಾರಿಯಿಂದ ರೈಲ್ವೆ ಕೆಲಸಕ್ಕೆ ಬಂದು ಪೆರಂಬೂರಿನಲ್ಲಿ ನೆಲೆಸಿದವರ ಮಗ, ತಂದೆ ಇರಲಿಲ್ಲ. ಬಾಗಿಲಲ್ಲಿ ಕಾಲಿಗೆ ನೀರು ಕೊಟ್ಟೆವು. ತಾಯಿ ಶಾರದಮ್ಮನವರಿಗೆ ಒಂದು ಚೊಂಬು ಸಾಕಾಯಿತು, ಮಗನಿಗೆ ಇನ್ನೊಂದು ತರಬೇಕಾಯಿತು. ಅಷ್ಟು ದೊಡ್ಡ ಪಾದಗಳನ್ನು ನಾನು ಕಂಡಿರಲಿಲ್ಲ. ನಮ್ಮ ಮೆಟ್ಟಿಲ ಮೇಲೆ ಅರ್ಧ ನಿಂತರೆ ಇನ್ನರ್ಧ ಬೀದಿಯ ಕಡೆಗೆ ಚಾಚಿಕೊಂಡಿತ್ತು. ಆನೆಕಾಲು ರೋಗವೋ ಎಂದುಕೊಂಡೆ. ನಮ್ಮ ಕೇರಿಯಲ್ಲಿ ಆಗ ಅದು ಮನೆಗೊಬ್ಬರಿಗಿತ್ತು. ಬಗ್ಗಿ ನೋಡಿದೆ. ಊತವಿರಲಿಲ್ಲ, ಎಲುಬೇ ಉದ್ದ. ಆದರೆ ಬಗ್ಗಿದ್ದರಿಂದ ಬೇರೊಂದು ಕಣ್ಣಿಗೆ ಬಿತ್ತು. ಎರಡೂ ಕಾಲಿನ ಹರಡಿನ ಒಳಮಗ್ಗುಲಲ್ಲಿ ಸರಿಯಾಗಿ ಒಂದೇ ಜಾಗದಲ್ಲಿ ಗಾಯ, ಹಳೆಯ ಹಕ್ಕಳೆಯ ಮೇಲೆ ಹೊಸದು.

ಬಿದ್ದವರಿಗೆ ಮೊಣಕಾಲು ತರಚುತ್ತದೆ, ಹೊರಗಿನ ಹರಡು ತರಚುತ್ತದೆ. ಎರಡೂ ಕಾಲಿಗೆ ಒಳಗಡೆಯೇ ಗಾಯವಾಗಬೇಕಾದರೆ ಬೇಡಿ ಹಾಕಿರಬೇಕು. ಇನ್ಶೂರೆನ್ಸ್ ಗುಮಾಸ್ತನಿಗೆ ಬೇಡಿ ಹಾಕಿದವರು ಯಾರು?

ಕುರ್ಚಿಯಲ್ಲಿ ಕೂತವನು ಕಾಲುಗಳನ್ನು ಕುರ್ಚಿಯ ಕೆಳಗೆ ಎಳೆದುಕೊಂಡ. ನೀರಜಾ ಉಪ್ಪಿಟ್ಟಿನ ತಟ್ಟೆ ತಂದಾಗ ಇನ್ನೂ ಒಳಗೆ ಎಳೆದುಕೊಂಡ. ಮಾತಿನ ನಡುವೆ ನಾನು, "ರಜಾ ದಿನ ಏನು ಮಾಡ್ತೀರಪ್ಪ?" ಎಂದು ಕೇಳಿದೆ. ಅವನು ತಾಯಿಯ ಮುಖ ನೋಡಿದ. ಶಾರದಮ್ಮ ಗಡಿಬಿಡಿಯಲ್ಲಿ, "ಐತ್ವಾರ ಸಂಜಿ ಒಂದು ಅವ ಮನಿಯಾಗ ಸಿಗಂಗಿಲ್ರಿ… ಉಪ್ಪಿಟ್ಟು ಭಾಳ ಛಲೋ ಆಗ್ಯದ" ಎಂದರು. ಅಂದಿನ ಉಪ್ಪಿಟ್ಟು ತಳ ಹಿಡಿದಿತ್ತು.

ಅವರು ಹೋದ ಮೇಲೆ ವಠಾರದ ಹೆಂಗಸರು ನಕ್ಕಿದ್ದೇ ನಕ್ಕಿದ್ದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ, ಈ ಅಳಿಯನಿಗೆ ಹಾಸಿಗೆಯನ್ನೇ ಹೊಸದಾಗಿ ಹೊಲಿಸಬೇಕು ಎಂದಳು ಒಬ್ಬಳು. ನೀರಜಾ ನಗಲಿಲ್ಲ. "ಪಾವಂ, ಅವರು ಕಾಲು ಎಲ್ಲಿ ಇಟ್ಕೊಳ್ಳೋದು ಅಂತ ತಿಳೀದೆ ಎಷ್ಟು ಒದ್ದಾಡಿದರು" ಎಂದಳು. ಹುಡುಗಿಗೆ ಮನಸ್ಸಾಗಿದೆ ಎಂದು ನನಗೆ ಗೊತ್ತಾಯಿತು. ನನ್ನ ಹೆದರಿಕೆ ಹೆಚ್ಚಾಯಿತು.

ಮುಂದಿನ ಭಾನುವಾರ ಶಾರದಮ್ಮನವರಿಗೆ ಸಂಡಿಗೆ ಕೊಡುವ ನೆಪ ಮಾಡಿಕೊಂಡು ಪೆರಂಬೂರಿಗೆ ಹೊರಟೆ. ಅವರ ಬೀದಿಗೆ ತಿರುಗುವಷ್ಟರಲ್ಲಿ ಕಮಲಾಕರ ಒಂದು ಚೀಲ ಹಿಡಿದು ಮನೆಯಿಂದ ಹೊರಬಿದ್ದ, ತಲೆ ತಗ್ಗಿಸಿಕೊಂಡು, ಗೋಡೆಯ ಬದಿಗೆ. ತಪ್ಪು ಮಾಡುವವರ ನಡಿಗೆಯೇ ಹಾಗೆ. ಅವನು ಹತ್ತಿದ ಬಸ್ಸನ್ನೇ ನಾನೂ ಹತ್ತಿ ಹೆಂಗಸರ ಸೀಟಿನಲ್ಲಿ ತಲೆಯ ಮೇಲೆ ಸೆರಗೆಳೆದು ಕೂತೆ. ಮಡಿ ಮೈಲಿಗೆಯನ್ನು ಮನೆಗೆ ಹೋಗಿ ನೋಡಿಕೊಂಡರಾಯಿತು. ನಡುವೆ ಒಮ್ಮೆ ಬಸ್ಸು ಬದಲಾಯಿಸಿ ಅವನು ಇಳಿದದ್ದು ತಿರುವೊಟ್ಟಿಯೂರಿನಲ್ಲಿ. ದೇವಸ್ಥಾನಕ್ಕಿರಬಹುದೇ ಎಂದುಕೊಂಡೆ, ಗೋಪುರದ ಕಡೆ ಕೈ ಮುಗಿದು ಮುಂದೆ ಹೋದ. ಒಣಮೀನಿನ ವಾಸನೆಯ ಬೀದಿಗಳನ್ನು ದಾಟಿ, ಬಾಡಿಗೆ ಸೈಕಲ್ ಅಂಗಡಿಯೊಂದರ ಹಿಂದಿನ ಅಂಗಳಕ್ಕೆ ನುಗ್ಗಿದ.

ಅಂಗಳಕ್ಕೆ ತೆಂಗಿನ ಗರಿಯ ತಟ್ಟಿ ಕಟ್ಟಿದ್ದರು. ಹೊರಗೆ ನಿಂತು ಕಿವಿಗೊಟ್ಟೆ. ಒಳಗೆ ಹೆಂಗಸಿನ ನಗು. ಆಮೇಲೆ ಅದೇ ದನಿ ತಮಿಳಿನಲ್ಲಿ, "ಭಯಪಡಬೇಡ, ನನ್ನ ಭುಜ ಹಿಡ್ಕೋ" ಎಂದಿತು.

ನನಗೆ ಅಷ್ಟು ಸಾಕಾಗಿತ್ತು. ತಟ್ಟಿಯ ಬಾಗಿಲು ತಳ್ಳಿ ಒಳಗೆ ನಿಂತೆ.

ಅಂಗಳದ ನಡುವೆ ನಮ್ಮ ವರ ಮಹಾಶಯ ಒಂದೇ ಒಂದು ಚಕ್ರದ ಮೇಲೆ ಕೂತಿದ್ದ. ಹ್ಯಾಂಡಲ್ ಇಲ್ಲ, ಹಿಂದಿನ ಗಾಲಿ ಇಲ್ಲ. ಒಂದು ಸೀಟು, ಅದರಿಂದ ಇಳಿದ ಎರಡು ಕಂಬಿ, ನಡುವೆ ಗಾಲಿ, ಎರಡು ಪೆಡಲು. ಪಂಚೆ ಎತ್ತಿ ಕಟ್ಟಿ, ಬರಿಗಾಲಲ್ಲಿ, ತಲೆ ನರೆತ ಹೆಂಗಸೊಬ್ಬಳ ಭುಜ ಹಿಡಿದುಕೊಂಡಿದ್ದ. ನನ್ನನ್ನು ಕಂಡದ್ದೇ ತಡ, ಚಕ್ರ ಒಂದು ಕಡೆ, ಅವನು ಒಂದು ಕಡೆ ಬಿದ್ದ.

"ಉಕ್ಕಾರುಂಗೋ ಅಮ್ಮಾ" ಎಂದು ಆ ಹೆಂಗಸು ಒಂದು ಸ್ಟೂಲು ಸರಿಸಿದಳು. ಅವಳ ಹೆಸರು ಸರಸ. ವಯಸ್ಸಿನಲ್ಲಿದ್ದಾಗ ಸರ್ಕಸ್ಸಿನಲ್ಲಿ ಸೈಕಲ್ ಆಟ ಆಡುತ್ತಿದ್ದವಳು, ಈಗ ಅಣ್ಣನ ಅಂಗಡಿ ನೋಡಿಕೊಂಡಿದ್ದಳು. ನಾನು ಕೂರಲಿಲ್ಲ. ಇದೇನು ವೇಷ ಎಂದು ಕೇಳಿದೆ. ಅವಳು ಅವನ ಕಾಲು ತೋರಿಸಿ ಸಮಾಧಾನವಾಗಿ ಹೇಳಿದಳು. ಎಲ್ಲರೂ ಪೆಡಲನ್ನು ಮುಂಗಾಲಲ್ಲಿ ತುಳಿಯುತ್ತಾರೆ. ಇವನು ಹಾಗೆ ತುಳಿದರೆ ಹಿಂದೆ ಉಳಿದ ಉದ್ದ ಹಿಮ್ಮಡಿ ಒಳಗೆ ವಾಲಿ, ಹರಡು ಪೆಡಲಿನ ಕಬ್ಬಿಣಕ್ಕೆ ಬಡಿಯುತ್ತಿತ್ತಂತೆ. ಪಾದದ ನಡುಭಾಗ ಪೆಡಲ ಮೇಲಿರಬೇಕು, ಹಿಮ್ಮಡಿ ಹೊರಗಿರಬೇಕು ಎನ್ನುವುದು ರೂಢಿಯಾಗುವ ತನಕ ರಕ್ತ ಸುರಿದಿತ್ತು. ನನ್ನ ಬೇಡಿ ಅಲ್ಲಿಗೆ ಕಳಚಿತು.

"ಆದರೆ ಒಂದು ಆಟಕ್ಕೆ ಈ ಕಾಲೇ ಸರಿ ಅಮ್ಮಾ" ಎಂದಳು ಸರಸ. ಪೆಡಲು ಬಿಟ್ಟು, ಗಾಲಿಯ ಟೈರಿನ ಮೇಲೇ ಒಂದೊಂದೇ ಹೆಜ್ಜೆ ಇಟ್ಟು ಚಕ್ರ ಉರುಳಿಸುವುದು. ಸಣ್ಣ ಕಾಲಿನವರಿಗೆ ಅದು ಜಾರುತ್ತದೆ. ಇವನಿಗಾಗಿ ಕಂಬಿಗಳನ್ನು ಅಗಲ ಮಾಡಿಸಿದ್ದಳು. ಕಮಲಾಕರ ಮಾಡಿ ತೋರಿಸಿದ. ಆ ದೊಡ್ಡ ಪಾದಗಳು ಟೈರಿನ ಮೇಲೆ ನಿಧಾನವಾಗಿ ನಡೆದವು, ಚಕ್ರ ಹೇಳಿದ ಮಾತು ಕೇಳಿತು. ಎಡಕ್ಕೆ ತಿರುಗುವುದೊಂದು ಇನ್ನೂ ಬಂದಿಲ್ಲ, ಬಲಕ್ಕೆ ಮಾತ್ರ ತಿರುಗುತ್ತಾನೆ ಎಂದಳು ಸರಸ.

"ಇದನ್ನೆಲ್ಲ ಯಾಕಪ್ಪ ಕಲೀತಿದೀರಿ? ಯಾರಿಗೆ ತೋರಿಸೋದಕ್ಕೆ?" ಎಂದೆ.

ಅವನು ನೆಲ ನೋಡುತ್ತ ಹೇಳಿದ. "ಸಾಲ್ಯಾಗ, ಆಫೀಸಿನ್ಯಾಗ, ಗುಡಿ ಬಾಗಲದಾಗ, ಎಲ್ಲಾರೂ ಮೊದಲ ನನ್ನ ಕಾಲು ನೋಡ್ತಾರ್ರಿ. ಆಮ್ಯಾಲ ನಗು ತಡಕೊಂಡು ಮುಖ ನೋಡ್ತಾರ. ಇದರ ಮ್ಯಾಲ ಕೂತಾಗ ಗಾಲಿ ನೋಡ್ತಾರ. ಅಷ್ಟರಿ."

ಮಾತು ಚೆನ್ನಾಗಿತ್ತು. ಚೆನ್ನಾಗಿರುವ ಮಾತುಗಳ ಮೇಲೆ ನನಗೆ ಇನ್ನೂ ಹೆಚ್ಚು ಅನುಮಾನ. ಒಂದನ್ನು ಮುಚ್ಚಿಟ್ಟವನು ಹತ್ತನ್ನು ಮುಚ್ಚಿಟ್ಟಾನು. ಮನೆಗೆ ಬಂದು ಸ್ನಾನ ಮಾಡಿ ನೀರಜಾಗೆ ಎಲ್ಲ ಹೇಳಿದೆ, ಹೆದರಲಿ ಎಂದೇ ಹೇಳಿದೆ. ಅವಳು ಕಣ್ಣರಳಿಸಿ, "ಬೀಳ್ತಾರಾ ಅತ್ತೆ?" ಎಂದು ಕೇಳಿದಳು.

"ಬೀಳದೆ? ನನ್ನ ಕಣ್ಣೆದುರಿಗೇ ಬಿದ್ದ."

"ಬಿದ್ದಾಗ ಯಾರನ್ನಾದರೂ ಬೈದರಾ?"

ಬೈದಿರಲಿಲ್ಲ. ಬೈದ ಎಂದು ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. ಮದುವೆ ಗೊತ್ತಾಯಿತು.

ನಮ್ಮಲ್ಲಿ ಧಾರೆಗೆ ಮೊದಲು ಕಾಶೀಯಾತ್ರೆ. ಹೆಣ್ಣಿನ ಕಡೆಯವರು ಕೊಟ್ಟ ಕೊಡೆ, ಕೋಲು, ಹೊಸ ಚಪ್ಪಲಿ ಧರಿಸಿ ವರ ಸಂಸಾರ ಬೇಡವೆಂದು ಹೊರಡಬೇಕು, ಹೆಣ್ಣಿನ ತಂದೆ ಅಡ್ಡ ಬಂದು ಕರೆತರಬೇಕು. ಚಪ್ಪಲಿಗಾಗಿ ಶಾರದಮ್ಮ ಮಗನ ಪಾದವನ್ನು ಕಾಗದದ ಮೇಲೆ ಗೆರೆ ಎಳೆದು ಕಳಿಸಿದ್ದರು. ಅದನ್ನು ವಿಷ್ಣುತೀರ್ಥ ಅಂಗಡಿಗೆ ಒಯ್ದ. ಒಯ್ದವನಿಗೆ ದಾರಿಯಲ್ಲಿ ಬುದ್ಧಿ ಓಡಿತು. ತಾಯಂದಿರು ಮಗ ಇನ್ನೂ ಬೆಳೆಯುತ್ತಾನೆಂದು ಒಂದೆರಡು ಬೆರಳು ಹೆಚ್ಚಿಗೇ ಎಳೆಯುತ್ತಾರೆ, ಇಷ್ಟು ದೊಡ್ಡ ಚಪ್ಪಲಿ ಮಂಟಪದಲ್ಲಿಟ್ಟರೆ ಹುಡುಗನಿಗೇ ಅವಮಾನ ಎಂದುಕೊಂಡು, ಮರ್ಯಾದೆಗೆ ಸ್ವಲ್ಪ ಸಣ್ಣದು ಮಾಡಿಸಿದ. ನನಗೊಂದು ಮಾತು ಹೇಳಲಿಲ್ಲ.

ಮದುವೆಯ ದಿನ ನಾನು ಛತ್ರದ ಹಿಂದಿನ ಉಗ್ರಾಣದಲ್ಲಿದ್ದೆ. ವಿಧವೆ ಶುಭಕಾರ್ಯದ ಮುಂದೆ ನಿಲ್ಲುವಂತಿಲ್ಲ. ಬೆಳೆಸಿದ ಹುಡುಗಿಯ ಮದುವೆಯನ್ನು ಬೆಲ್ಲ ತುಪ್ಪ ಎತ್ತಿಕೊಡುತ್ತ ಕಿವಿಯಲ್ಲೇ ನೋಡಬೇಕು. ಅದು ನನಗೆ ಸಂಕಟವಾಗಿರಲಿಲ್ಲ ಎಂದರೆ ಸುಳ್ಳು. ಹಿಂಬಾಗಿಲಿನಿಂದ ಸರಸ ಬಂದಳು, ಕೈಯಲ್ಲಿ ಗೋಣಿಯಲ್ಲಿ ಸುತ್ತಿದ ಗಂಟು. ಮದುಮಗನಿಗೆ ಉಡುಗೊರೆ, ತರುತ್ತೇನೆಂದು ಅವನಿಗೆ ಮೊದಲೇ ಹೇಳಿದ್ದೆ ಎಂದಳು. ಬಿಚ್ಚಿ ನೋಡಿದೆ, ಅದೇ ಚಕ್ರ. ಅದನ್ನು ಅಕ್ಕಿಮೂಟೆಗಳ ಹಿಂದೆ ಇರಿಸಿದೆ.

ಅಷ್ಟರಲ್ಲಿ ಹೊರಗೆ ಗಲಾಟೆ ಎದ್ದಿತು. ಕಿಟಕಿಯ ಸಂದಿನಿಂದ ನೋಡಿದೆ. ಚಪ್ಪಲಿಯಲ್ಲಿ ಅವನ ಬೆರಳುಗಳಷ್ಟೇ ಹಿಡಿದಿದ್ದವು, ಹಿಮ್ಮಡಿ ಪೂರಾ ನೆಲದ ಮೇಲೆ. ಯಾರೋ ಕಿಸಕ್ಕೆಂದರು. ಗಂಡಿನ ಸೋದರಮಾವ ಕೆಂಡವಾಗಿದ್ದ. "ಅಳತಿ ಕೊಟ್ಟ ಮ್ಯಾಲೂ ಹಿಂಗ ತಂದಾರ ಅಂದ್ರ ನಮ್ಮ ಹುಡುಗನ್ನ ಅಣಕಸ್ಲಿಕ್ಕೇ ತಂದಾರ! ಬರಿಗಾಲಿಲೆ ಕಾಶಿಗೆ ಕಳಸೋ ಪದ್ಧತಿ ಎಲ್ಲದ? ನಡೀರಿ, ಗಂಟು ಕಟ್ರಿ!" ವಿಷ್ಣುತೀರ್ಥ ಕೈ ಮುಗಿದು ನಿಂತಿದ್ದ. ಮುಹೂರ್ತ ಮೀರುತ್ತಿತ್ತು. ಒಳಕೋಣೆಯಲ್ಲಿ ನೀರಜಾ ಹಸೆಗೆ ಹೊರಡಲು ಸಿದ್ಧವಾಗಿ ಕೂತಿದ್ದಳು.

ನಾನು ಕಮಲಾಕರನ ಮುಖವನ್ನೇ ನೋಡುತ್ತಿದ್ದೆ. ಜೀವಮಾನವೆಲ್ಲ ಕಾಲಿಗಾಗಿ ನಗೆಗೀಡಾದವನು. ಈಗ ನ್ಯಾಯ ಅವನ ಕಡೆಗಿದೆ. ಇವತ್ತು ಬಣ್ಣ ಬಯಲಾಗುತ್ತದೆ ಎಂದುಕೊಂಡೆ.

ಅವನು ಚಪ್ಪಲಿ ಬಿಟ್ಟು ಪಕ್ಕಕ್ಕಿಟ್ಟ. "ಮಾಮಾ, ಕಾಲು ನೆಲಕ್ಕ ಹತ್ತಿದರ ಅಲ್ಲೇನ್ರಿ ಚಪ್ಪಲಿ ಬೇಕು?" ಎಂದ. ಆಮೇಲೆ ಉಗ್ರಾಣದ ಕಡೆ ತಿರುಗಿ ಸರಸಳನ್ನು ಕೂಗಿದ. ಅವಳು ಮೂಟೆಗಳ ಹಿಂದಿನ ಚಕ್ರ ಎತ್ತಿಕೊಂಡು ಹೊರಗೆ ಓಡಿದಳು.

ಬಾಸಿಂಗ ಕಟ್ಟಿದ ಮದುಮಗ ಕಚ್ಚೆ ಬಿಗಿದು, ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಕೋಲು ಹಿಡಿದು ಒಂಟಿ ಚಕ್ರದ ಮೇಲೆ ಕಾಶಿಗೆ ಹೊರಟ. ಓಲಗದವರು ಬಾರಿಸುವುದನ್ನೇ ಮರೆತರು. ಸೋದರಮಾವನ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ವಿಷ್ಣುತೀರ್ಥ ತೆಂಗಿನಕಾಯಿ ಹಿಡಿದು ಹಿಂದೆ ಓಡಿದ, ಆದರೆ ಸಿಗಬೇಕಲ್ಲ? ಅಳಿಯ ಬೀದಿಯ ತುದಿಗೆ ಹೋಗಿ ಬಲಕ್ಕೆ ತಿರುಗಿ ಮಾಯವಾದ.

ಎಡಕ್ಕೆ ತಿರುಗಲು ಬರುವುದಿಲ್ಲ ಎನ್ನುವುದು ನನಗೆ ನೆನಪಾಯಿತು. ಬಲಕ್ಕೇ ತಿರುಗುತ್ತ ಬಂದರೆ ಛತ್ರದ ಹಿಂದಿನ ಗಲ್ಲಿ. ಹಿಂಬಾಗಿಲಿಗೆ ಬಂದೆ. ಬರುತ್ತಿದ್ದ. ಪೆಡಲು ಬಿಟ್ಟು, ಆ ದೊಡ್ಡ ಪಾದಗಳಲ್ಲಿ ಟೈರಿನ ಮೇಲೆ ಹೆಜ್ಜೆ ಹೆಜ್ಜೆಯಾಗಿ ನಡೆಯುತ್ತ ನನ್ನ ಮುಂದೆ ಬಂದು ತೂಗಾಡತೊಡಗಿದ.

"ಅತ್ಯಾ, ಕೈ ಕೊಡ್ರಿ! ನನಗ ಇಳೀಲಿಕ್ಕೆ ಬರಂಗಿಲ್ಲ!"

ನಾನು ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ. ಬಾಸಿಂಗ ಕಟ್ಟಿದ ವರ, ವಿಧವೆಯ ಕೈ. ಅದು ಅವನಿಗೆ ಗೊತ್ತಿಲ್ಲದ್ದಲ್ಲ.

"ಬೀಳ್ತೀನ್ರಿ ಅತ್ಯಾ" ಎಂದ.

ಕೈ ಚಾಚಿದೆ. ಹಿಡಿದುಕೊಂಡು ಇಳಿದ. ಒಂದು ಪಾದ ನನ್ನ ಕಾಲಬೆರಳ ಮೇಲೇ ಬಿತ್ತು, ಜೀವ ಹೋದಂತಾಯಿತು. ಕೈ ಬಿಡದೆ, "ಕಾಶಿ ಬ್ಯಾಡ ಅಂತ ಹೇಳ್ರಿ" ಎಂದ ಮೆಲ್ಲಗೆ. ಅದು ಹೆಣ್ಣಿನ ತಂದೆ ಆಡಬೇಕಾದ ಮಾತು. ಗಲ್ಲಿಯ ತುದಿಯಲ್ಲಿ ಜನ ಕಾಣಿಸಿಕೊಂಡಿದ್ದರು. "ಕಾಶಿ ಬೇಡಪ್ಪ, ನಮ್ಮ ಮಗಳಿದ್ದಾಳೆ, ಒಳಗೆ ಬಾ" ಎಂದೆ. ದನಿ ನನ್ನದೇ ಎಂದು ನನಗೆ ಗುರುತಾಗಲಿಲ್ಲ.

ಧಾರೆ ನಡೆಯಿತು. ಊಟದ ಹೊತ್ತಿಗೆ ಉಗ್ರಾಣದಲ್ಲಿ ಸರಸಳಿಗೆ ನಾನೇ ಎಲೆ ಹಾಕಿ ಹೋಳಿಗೆ ಬಡಿಸಿದೆ. "ನೀನೆಂಥ ಗುರುವಮ್ಮಾ, ಹತ್ತೋದು ಕಲಿಸಿದವಳು ಇಳಿಯೋದು ಕಲಿಸಬಾರದಿತ್ತಾ? ನಾನು ಇಲ್ಲದಿದ್ದರೆ ಮದುಮಗ ಮಣ್ಣು ಮುಕ್ಕುತ್ತಿದ್ದ" ಎಂದೆ.

ಸರಸ ಹೋಳಿಗೆ ಮುರಿಯುತ್ತಿದ್ದವಳು ತಲೆಯೆತ್ತಿದಳು. "ಇಳಿಯೋದಾ? ನಾನು ಮೊದಲು ಕಲಿಸಿದ್ದೇ ಅದು ಅಮ್ಮಾ. ಇಳಿಯೋಕೆ ಬರದವರನ್ನು ನಾನು ಹತ್ತಿಸೋದೇ ಇಲ್ಲ."

ಮುಖ ನೋಡಿದೆ. ಅವಳು ಸುಳ್ಳು ಹೇಳುತ್ತಿರಲಿಲ್ಲ. ಅವಳ ಎಲೆಗೆ ಇನ್ನೊಂದಿಷ್ಟು ತುಪ್ಪ ಬಡಿಸಿ, ಅಕ್ಕಿಮೂಟೆಗಳ ಹಿಂದೆ ಹೋಗಿ, ಊದಿದ ಬೆರಳು ಹಿಡಿದುಕೊಂಡು ಮನಸಾರೆ ಅತ್ತೆ.