ಕಲ್ಲಪ್ಪ ಕಾಕಾ ಮತ್ತು ಗಾಳಿಯಲ್ಲಿದ್ದ ಗೆಳೆಯರು

"ದೂರ ಸರಿ ತಂಗಿ. ನೀ ಹತ್ರ ನಿಂತ್ರ ಅದಕ್ಕ ಗೊತ್ತಾಗತದ."

ಕಲ್ಲಪ್ಪ ಕಾಕಾ ನನಗೆ ಹೇಳಿದ ಮೊದಲ ಮಾತು ಇದು. ಇಂಗ್ಲೆಂಡಿನ ಡರ್ಬಿಯಲ್ಲಿ ಮನೆ ಕೊಂಡ ಹೊಸತು. ಪಕ್ಕದ ಹಿತ್ತಲಿನಲ್ಲಿ ಯಾರೋ ಕನ್ನಡದಲ್ಲಿ ಗೊಣಗುವುದು ಕೇಳಿ ಬೇಲಿಯ ಬಳಿ ಓಡಿದ್ದೆ. ಉಣ್ಣೆಯ ಟೋಪಿ, ಅದರ ಕೆಳಗೆ ಹಣೆ ತುಂಬ ವಿಭೂತಿ, ಕೈಯಲ್ಲಿ ಪಕ್ಕಡ್ ಹಿಡಿದ ಹಿರಿಯರೊಬ್ಬರು ಎತ್ತರದ ರೇಡಿಯೊ ಏರಿಯಲ್ ಕಂಬದ ಬುಡದಲ್ಲಿ ನಿಂತು ಸಣ್ಣ ಮೀಟರನ್ನು ದಿಟ್ಟಿಸುತ್ತಿದ್ದರು. ಮನುಷ್ಯರು ಹತ್ತಿರವಿದ್ದರೆ ಏರಿಯಲ್ಲಿನ ಅಳತೆ ಏರುಪೇರಾಗುತ್ತದಂತೆ. ನಾನು ಹಿಂದೆ ಸರಿದೆ, ಮುಳ್ಳು ಇಳಿಯಿತು, ಅವರ ಮುಖ ಅರಳಿತು. ನನ್ನ ಊರು ಯಾವುದೆಂದು ಕೇಳಿದ್ದು ಆಮೇಲೆ.

ಕಾಕಾ ಗದಗದ ಕಡೆಯವರು. ಇಲ್ಲಿಯ ವಿಮಾನದ ಎಂಜಿನ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಮೊಬೈಲ್ ಇಲ್ಲದ ಕಾಲದಲ್ಲಿ ಲಾರಿಯವರು ದಾರಿಯುದ್ದಕ್ಕೂ ಹರಟುತ್ತಿದ್ದ ಸಿ.ಬಿ. ರೇಡಿಯೊಗಳೆಂದರೆ ಅವರಿಗೆ ಪ್ರಾಣ. ಭಾನುವಾರ ಬೆಳಗಾದರೆ ಕಾರ್ ಬೂಟ್ ಸೇಲಿಗೆ ಹೊರಡುತ್ತಿದ್ದರು. ಜನ ಹಳೆಯ ಕಪ್ಪು-ಬಸಿ ಮಾರುವ ಆ ಮೈದಾನದಿಂದ ಬಾಯಿ ಮುಚ್ಚಿದ ಸೆಟ್ಟೊಂದನ್ನು ಕಂಕುಳಲ್ಲಿಟ್ಟುಕೊಂಡು ಬರುತ್ತಿದ್ದರು.

"ಇದು ಸತ್ತಿಲ್ಲ, ಮುನಿಸಿಕೊಂಡದ," ಎನ್ನುವರು. ಗುಂಡಿಗಳ ಧೂಳು ತೆಗೆದು, ಒಣಗಿಹೋದ ಭಾಗಗಳನ್ನು ಬದಲಿಸಿ, ಒಳಗಿನ ಸುರುಳಿಗಳನ್ನು ಕೂದಲೆಳೆಯಷ್ಟು ತಿರುಗಿಸುವರು. ಕಬ್ಬಿಣದ ಸ್ಕ್ರೂಡ್ರೈವರ್ ತಾಗಿದರೆ ಶ್ರುತಿ ತಪ್ಪುತ್ತದೆಂದು ಹೆಂಡತಿಯ ಪ್ಲಾಸ್ಟಿಕ್ ಹೆಣಿಗೆ ಕಡ್ಡಿಯ ತುದಿಯನ್ನು ಚೂಪು ಮಾಡಿಕೊಂಡಿದ್ದರು. ಪಾರ್ವತಿ ಕಾಕು ಅರ್ಧ ಹೆಣೆದ ಸ್ವೆಟರ್ ಹಿಡಿದುಕೊಂಡು ಆ ಕಡ್ಡಿಯನ್ನು ಮನೆಯೆಲ್ಲ ಹುಡುಕಿದ್ದರಂತೆ. ಅವರು ರೇಡಿಯೊವನ್ನು "ನನ್ನ ಸವತಿ" ಎಂದೇ ಕರೆಯುತ್ತಿದ್ದರು. ಅದರ ಮೈಕನ್ನು ಒಮ್ಮೆಯೂ ಮುಟ್ಟಿದವರಲ್ಲ.

ಗಾಳಿಯಲ್ಲಿ ಯಾರೂ ಸ್ವಂತ ಹೆಸರು ಹೇಳುವುದಿಲ್ಲ. ಕಾಕಾ ಅಲ್ಲಿ "ಮಿರ್ಚಿ". ಬಕ್ಸ್‌ಟನ್ ಗುಡ್ಡದ ಮೇಲಿದ್ದ ಹಳೆಯ ಲಾರಿ ಡ್ರೈವರ್ ಒಬ್ಬ "ಟೀಪಾಟ್". ಇಬ್ಬರೂ ಮುಖ ನೋಡಿಕೊಂಡವರಲ್ಲ. ಆದರೆ ಟೀಪಾಟಿನ ಮೊಣಕಾಲು ನೋವು, ಅವನ ಟೊಮೆಟೊ ಗಿಡ, ಜಿಪಿ ಡಾಕ್ಟರ ಅಪಾಯಿಂಟ್‌ಮೆಂಟ್ ಸಿಗದ ಸಂಕಟ ಎಲ್ಲವೂ ಕಾಕಾನಿಗೆ ಬಾಯಿಪಾಠ. ಅವನಿಗೂ ನಮ್ಮ ಶೇಂಗಾ ಚಟ್ನಿಯ ವಿಷಯ ಚೆನ್ನಾಗಿ ಗೊತ್ತಿತ್ತು.

ಒಂದು ಬೇಸಿಗೆಯಲ್ಲಿ ಕಾಕಾ ಕಂಬ ಸಾಲದೆಂದು ಹಿತ್ತಲಿನಲ್ಲಿ ಅಡ್ಡಲಾಗಿ ತಂತಿಯ ಏರಿಯಲ್ಲೊಂದನ್ನು ಕಟ್ಟಿದರು. ಮೊದಲ ದಿನ ಇಟಲಿಯ ಯಾರೋ ಕೇಳಿಸಿದನೆಂದು ಕುಣಿದಾಡಿದರು. ಮರುದಿನ ಬೀದಿಯ ಆಚೆಯ ದನಿಯೂ ಬರಲಿಲ್ಲ. ಹವೆಯನ್ನು ಬೈದರು, ಸೂರ್ಯನನ್ನು ಬೈದರು, ಸೆಟ್ಟನ್ನು ಬಿಚ್ಚಿ ಮೇಜಿನ ತುಂಬ ಹರವಿದರು. ನಾನು ಮಹಡಿಯ ಕಿಟಕಿಯಿಂದ ನೋಡುತ್ತೇನೆ, ತಂತಿಯ ಮೇಲೆ ಕಾಕುವಿನ ಒದ್ದೆ ಇಳಕಲ್ ಸೀರೆ, ಎರಡು ದುಪ್ಪಟಿ, ಕಾಕಾನದೇ ಬನಿಯನ್.

"ಅಷ್ಟು ಚಂದ ತಂತಿ ಕಟ್ಟಿ ಸುಮ್ನ ಬಿಡೂದೇನು?" ಎಂದರು ಕಾಕು. ಕಾಕಾ ಒಂದು ಗಳಿಗೆ ಹೆಂಡತಿಯನ್ನೂ ಬನಿಯನ್ನನ್ನೂ ನೋಡಿ, ನೆಲದ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ತಂತಿ ಕಾಕುವಿಗೇ ಉಳಿಯಿತು.

ಹೋದ ವರ್ಷ ಕಾಕುವಿಗೆ ಮೆಟ್ಟಿಲು ಹತ್ತುವುದು ಕಷ್ಟವಾಯಿತು. ಮ್ಯಾಕಲ್ಸ್‌ಫೀಲ್ಡಿನ ಔಷಧ ಕಾರ್ಖಾನೆಯಲ್ಲಿರುವ ಮಗಳು ತನ್ನ ಮನೆಯ ಹತ್ತಿರ ಲಿಫ್ಟ್ ಇರುವ ಫ್ಲ್ಯಾಟ್ ನೋಡಿದಳು. ಅಲ್ಲಿ ಏರಿಯಲ್ ಹಾಕುವಂತಿಲ್ಲ. ಕಾಕಾ ಮನೆ ಮಾರಲು ಒಂದು ಮಾತೂ ಅಡ್ಡ ಹೇಳಲಿಲ್ಲ, ಆದರೆ ಆ ವಾರವೆಲ್ಲ ಅವರ ಸೆಟ್ಟಿನ ಸದ್ದಿರಲಿಲ್ಲ. ಗೆಳೆಯರ ದನಿ ಕಳೆದುಹೋಗುತ್ತದೆಂಬ ಸಂಕಟ ಅವರನ್ನು ತಿನ್ನುತ್ತಿತ್ತು.

"ಫೋನ್ ಮಾಡಬಹುದಲ್ವಾ ಕಾಕಾ?" ಎಂದೆ.

"ಫೋನ್ ಮಾಡಾಕ ಏನಾರ ಕಾರಣ ಬೇಕವ್ವಾ. ಇಲ್ಲಿ ಯಾರಿಗೂ ಯಾರ ಕಡೆನೂ ಕೆಲಸಿಲ್ಲ. ಅದಕ್ಕ ಮಾತಾಡತೀವಿ."

ಕಂಬ ಇಳಿಸುವ ದಿನ ಗಾಳಿಯ ಗೆಳೆಯರು ಮೂರು ವ್ಯಾನುಗಳಲ್ಲಿ ಬಂದರು. ದನಿ ಕೇಳಿಯೇ ಒಬ್ಬೊಬ್ಬರನ್ನೂ ಕಾಕಾ ಗುರುತು ಹಿಡಿದರು. ದಪ್ಪ ದನಿಯ ಟೀಪಾಟ್ ಕಡ್ಡಿಯಂತಿದ್ದ. "ಇವನ ಮಾರಿ ಇವನ ದನಿಗೆ ಹೊಂದವಲ್ದು," ಎಂದು ಕಾಕಾ ಗೋಡೆಗೆ ಮುಖ ಮಾಡಿ ಅವನೊಡನೆ ಹರಟಿದರು. ಕಾಕು ಬೋಗುಣಿ ತುಂಬ ಗಿರಮಿಟ್ ಮಾಡಿ ಬಡಿಸಿದರು. ಕಂಬವನ್ನು ಬೇಲಿ ದಾಟಿಸಿ ನನ್ನ ಹಿತ್ತಲಲ್ಲಿ ನೆಟ್ಟರು, ಒಂದು ಸೆಟ್ಟೂ ನನಗೆ ಬಂತು. ಟೀಪಾಟಿನ ಹೆಸರೇನೆಂದು ಅವತ್ತೂ ಯಾರೂ ಕೇಳಲಿಲ್ಲ.

ಹೊರಡುವ ಬೆಳಿಗ್ಗೆ ಕಾಕಾ ಕಾರಿನ ನೆತ್ತಿಗೆ ಅಯಸ್ಕಾಂತದ ಪುಟ್ಟ ಏರಿಯಲ್ ಅಂಟಿಸಿದರು. ಸ್ಯಾಟ್‌ನ್ಯಾವ್ ತೋರಿಸಿದ ದಾರಿ ಬಿಟ್ಟು, ಬಕ್ಸ್‌ಟನ್ ಮೇಲಿನ ಗುಡ್ಡದ ದಾರಿ ಹಿಡಿದರು. ನಾನು ಮನೆಯಲ್ಲಿ ಸೆಟ್ಟಿನ ಮುಂದೆ ಕೂತೆ. ಊರು ದಾಟುವವರೆಗೂ ಕಾಕಾ ರೇಡಿಯೊದಲ್ಲಿ ಟ್ರಾಫಿಕ್ ಲೈಟುಗಳನ್ನೆಲ್ಲ ಒಂದೊಂದಾಗಿ ಬೈದರು. ಮ್ಯಾಟ್‌ಲಾಕ್ ಹತ್ತಿರ ದನಿ ತುಂಡು ತುಂಡಾಗತೊಡಗಿತು. ಆಮೇಲೆ ಬರೀ ಮೊರೆತ. ಆದರೂ ನನಗೆ ಸೆಟ್ಟನ್ನು ಆರಿಸಲು ಮನಸ್ಸಾಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಟೀಪಾಟಿನ ದಪ್ಪ ದನಿ ಬಂತು. "ಮಿರ್ಚಿಯ ಪಕ್ಕದ ಮನೆಯವರು ಇದ್ದೀರಾ, ಡಕ್?" ಈ ಕಡೆಯವರು ಅಕ್ಕರೆಯಿಂದ ಕರೆಯುವುದೇ ಹಾಗೆ. ನಾಚಿಕೆ ನುಂಗಿ ಮೊದಲ ಸಲ ಬಟನ್ ಒತ್ತಿದೆ. ಇದ್ದೇನೆ ಎಂದೆ.

"ನಿಮಗೆ ಕೇಳಿಸ್ತಿಲ್ಲ, ನನಗೆ ಮಿರ್ಚಿ ಪಕ್ಕದಲ್ಲೇ ಕೂತ ಹಾಗೆ ಕೇಳಿಸ್ತಿದ್ದಾನೆ. ಮ್ಯಾಕಲ್ಸ್‌ಫೀಲ್ಡ್ ಮೇಲಿನ ಗುಡ್ಡದಲ್ಲಿ ಕಾರು ನಿಲ್ಲಿಸೋಕೆ ಒಂದು ಜಾಗ ಸಿಕ್ಕಿದೆಯಂತೆ. ಗಾಳಿಯಲ್ಲಿ ಮ್ಯಾಂಚೆಸ್ಟರಿನವರೂ ಸಿಕ್ಕರಂತೆ. ಹೊಸ ಮನೆಯಿಂದ ಸ್ವಲ್ಪವೇ ದೂರ, ದಿನಾ ಬರ್ತೀನಿ ಅಂತಿದ್ದಾನೆ. ಕೆಳಗೆ ಸಾಮಾನಿನ ವ್ಯಾನು ಕಾಯ್ತಿದೆ, ಇವನು ಇಳಿಯೋಕೆ ಒಲ್ಲೆ ಅಂತಿದ್ದಾನೆ."

ನಾನು ಒಬ್ಬಳೇ ಕೂತು ನಗತೊಡಗಿದೆ.

"ತಾಳಿ, ಅವನ ಹೆಂಡತಿ ಮೈಕ್ ಕಿತ್ತುಕೊಂಡರು." ಆಮೇಲೆ ಒಂದೊಂದೇ ಅಕ್ಷರ ಜೋಡಿಸಿ ಹೇಳಿದ: "ಊಟ ಆತೇನು. ಏನು ಹಾಗಂದರೆ?"

"ಊಟ ಮಾಡಿದ್ಯಾ ಅಂತ ಕೇಳ್ತಿದ್ದಾರೆ."

"ಸರಿ, ಮಾಡಿದ್ರಾ?"

"ಇನ್ನೂ ಇಲ್ಲ."

ಅವನು ಅದನ್ನು ಗುಡ್ಡದಾಚೆ ದಾಟಿಸಿದ. ಈ ಸಲ ಆ ಕಡೆ ಕಾಕುವಿನ ಮಾತು ಬಹಳ ಹೊತ್ತು ನಡೆದಿರಬೇಕು. ಕೊನೆಗೆ ಅವನ ದನಿ ಬಂತು.

"ಇದು ತುಂಬ ಉದ್ದ ಇದೆ, ಡಕ್, ನನ್ನ ನಾಲಿಗೆಗೆ ಬರಲ್ಲ. ನೀವು ಎದ್ದು ಹೋಗಿ ಊಟ ಮಾಡೋದೇ ವಾಸಿ."