ಎರಡು ಮನೆಗೂ ಒಂದೇ ನಾತ

ಮದುವೆಯಾದ ಎರಡನೆಯ ವರ್ಷ ನಾವು ಯಶವಂತಪುರದ ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯ ಒಂದು ವಠಾರಕ್ಕೆ ಬಾಡಿಗೆಗೆ ಬಂದೆವು. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಒಂದು ಕೋಣೆ, ಒಂದು ಅಡುಗೆಮನೆ, ಹಂಚಿನ ಸೂರು. ನಮಗೂ ಪಕ್ಕದ ಮನೆಗೂ ನಡುವಿನ ಗೋಡೆ ಸೂರಿನವರೆಗೆ ಹೋಗದೆ ಎರಡು ಮೊಳ ಕೆಳಗೇ ನಿಂತಿತ್ತು. ಆ ಮನೆಯ ಒಗ್ಗರಣೆಯ ಘಮ, ಮಾತು, ಕೆಮ್ಮು ಎಲ್ಲವೂ ನಮ್ಮ ಮನೆಗೆ ಬರುತ್ತಿತ್ತು.

ಪಕ್ಕದಾಕೆ ನನ್ನ ವಾರಿಗೆಯವಳೇ. ಯಲಹಂಕದ ಕಡೆಯ ಒಕ್ಕಲು ಮನೆತನದ ಮಗಳು. ಅವಳು ಒಗ್ಗರಣೆ ಹಾಕಿದಾಗಲೆಲ್ಲ ನನ್ನ ಗಂಡ ಪೇಪರಿನಿಂದ ತಲೆ ಎತ್ತಿ, "ಆಹಾ, ಏನ್ ಘಮ!" ಅನ್ನುತ್ತಿದ್ದರು. ನನ್ನ ಸಾರನ್ನು ಅವರು ಹಳಿಯುತ್ತಿರಲಿಲ್ಲ, ಹೊಗಳುತ್ತಲೂ ಇರಲಿಲ್ಲ, ಸುಮ್ಮನೆ ಉಣ್ಣುತ್ತಿದ್ದರು. ಆ ಸುಮ್ಮನಿರುವಿಕೆಗೆ ನನ್ನ ಹೊಟ್ಟೆ ಉರಿಯುತ್ತಿತ್ತು.

ಅವರೆಕಾಯಿ ಕಾಲದಲ್ಲಿ ಒಂದು ಮಧ್ಯಾಹ್ನ ಅವಳು ಮುಚ್ಚಳದ ಹಿತ್ತಾಳೆ ಡಬರಿ ಹಿಡಿದು ಬಂದಳು. "ಇತ್ಕಿದ್ ಬೇಳೆ ಸಾರು ಕಣ್ರೀ. ನಿಮ್ಮೆಜಮಾನ್ರಿಗೆ ಬಡ್ಸಿ." ನಿಮಗೆ ಅನ್ನಲಿಲ್ಲ, ನಿಮ್ಮೆಜಮಾನ್ರಿಗೆ ಅಂದಳು. ಅವಳು ಹೋದ ಮೇಲೆ ಸ್ಟೂಲು ಹತ್ತಿ, ಡಬರಿಯನ್ನು ಗೋಡೆಯ ತಲೆಯ ಮೇಲೆ, ಹಳೆಯ ಮೊರದ ಹಿಂದೆ ತಳ್ಳಿದೆ. ಮಾರನೆಯ ದಿನ ಚೆಲ್ಲಿ, ತೊಳೆದು ಕೊಟ್ಟರಾಯಿತು ಅಂದುಕೊಂಡೆ.

ಆದರೆ ಸಂಜೆಯೇ ಚಿಕ್ಕಬಾಣಾವರದಿಂದ ನನ್ನಣ್ಣ ಬಂದ. ಅಪ್ಪ ಜಾರಿ ಬಿದ್ದು ಸೊಂಟ ನೋಯಿಸಿಕೊಂಡಿದ್ದರು. ಉಟ್ಟ ಸೀರೆಯಲ್ಲೇ ಅವನ ಜೊತೆ ರೈಲು ಹತ್ತಿದೆ. ಅಪ್ಪನ ಆರೈಕೆಯಲ್ಲಿ ಡಬರಿಯ ನೆನಪೇ ಅಳಿಸಿಹೋಯಿತು.

ಏಳು ದಿನ ಬಿಟ್ಟು ಬಂದು ಬಾಗಿಲು ದೂಡಿದರೆ ನಾತ ಮೂಗಿಗೆ ಹೊಡೆಯಿತು. "ಮೂರ್ ದಿನದಿಂದ ಹೀಗೇ. ಇಲಿ ಸತ್ತಿರ್ಬೇಕು," ಎಂದರು ನನ್ನ ಗಂಡ. ಆಮೇಲೆ ಸೇರಿಸಿದರು, "ಊಟಕ್ಕೇನೂ ತೊಂದ್ರೆ ಆಗ್ಲಿಲ್ಲ. ಪಕ್ಕದ್ಮನೆಯವರು ದಿನಾ ಕಳಿಸಿದ್ರು."

ನಾನು ಸೆರಗು ಸಿಕ್ಕಿಸಿ ಹುಡುಕಲು ನಿಂತೆ. ಅಕ್ಕಿ ಡಬ್ಬ ಖಾಲಿ ಮಾಡಿದೆ. ಟ್ರಂಕು ಎಳೆದೆ. ಬಚ್ಚಲ ತೂಬಿಗೆ ಕುದಿನೀರು ಸುರಿದೆ. ಏನೂ ಸಿಗಲಿಲ್ಲ. ಆಚೆಯಿಂದ ಸಾಂಬ್ರಾಣಿ ಹೊಗೆ ಇಳಿದು ಬರುತ್ತಿತ್ತು. ನಮ್ಮ ಮನೆ ನಾರುತ್ತದೆಂದು ಎತ್ತಿ ಆಡಲೆಂದೇ ಹಾಕುತ್ತಿದ್ದಾಳೆ ಎಂದು ಹಲ್ಲು ಕಡಿದೆ.

ಮಾರನೆಯ ಬೆಳಿಗ್ಗೆ ಅವಳೇ ಬಂದಳು. ಮೂಗೆತ್ತಿ ನಾಲ್ಕು ಹೆಜ್ಜೆ ಓಡಾಡಿ, "ಕೆಳಗಲ್ಲ, ಮ್ಯಾಲಿದೆ," ಎಂದಳು. ನನ್ನ ಗಂಡ ಸ್ಟೂಲು ಹಿಡಿದುಕೊಂಡರು. ಅವಳು ಅದರ ಮೇಲೆ ಕಾಲಿಟ್ಟಾಗ ನನಗೆ ಡಬರಿ ನೆನಪಾಯಿತು. "ನೀವ್ ಬೇಡ, ನಾನ್ ಹತ್ತೀನಿ," ಅಂದೆ. ಅಷ್ಟರಲ್ಲಿ ಮೊರ ಸರಿಸಿಯಾಗಿತ್ತು.

ಅವಳ ಕಣ್ಣೆದುರು ಅವಳದೇ ಡಬರಿ ಇತ್ತು. ತಿರುಗಿ ನನ್ನನ್ನು ನೋಡಿದಳು.

"ಇಲೀನೇ," ಎಂದಳು. "ಒಂದ್ ಹಳೇ ಬಟ್ಟೆ ಕೊಡಿ."

ಬಟ್ಟೆಯಲ್ಲಿ ಸುತ್ತಿ ಇಳಿಸಿ, ನನ್ನ ಗಂಡನ ಎದುರಿನಿಂದಲೇ ಹಿತ್ತಲಿಗೆ ಒಯ್ದಳು. ಅವರು, "ಎಂಥ ಧೈರ್ಯ ನೋಡು! ನೀನಾಗಿದ್ರೆ ಕಿರುಚ್ತಿದ್ದೆ," ಎಂದರು. ನನ್ನ ಮಾನ ಉಳಿಸಿದವಳ ಮೇಲೆ ಆ ಗಳಿಗೆಯಲ್ಲೂ ನನಗೆ ಉರಿಯಿತು. ಒಳ್ಳೆಯತನದಲ್ಲೂ ಅವಳೇ ಮುಂದೆ.

ಹಿತ್ತಲಿನಲ್ಲಿ ಅವಳು ಹುಳ ಬಿದ್ದ ಸಾರನ್ನು ಗುಂಡಿಗೆ ಸುರಿದು, ಬೂದಿ ಹಾಕಿ ಪಾತ್ರೆ ತಿಕ್ಕುತ್ತಿದ್ದಳು.

"ಬ್ಯಾಡಾಂದಿದ್ರೆ ಏಳ್ಬೋದಿತ್ತಲ್ರೀ," ಎಂದಳು. "ಬೇಳೆ ಇತ್ಕಿ ಇತ್ಕಿ ನನ್ ಬೆರಳು ಸುಲ್ದೋಗಿತ್ತು. ನಾತ ನಮ್ಮನೇದೇ ಅಂತ ಮೂರ್ಸಲ ನೆಲ ಸಾರ್ಸ್ದೆ. ಸಾಂಬ್ರಾಣಿ ಆಕ್ದೆ. ನಮ್ಮತ್ತೆ ಕೈಲಿ ಕೊಳಕಿ ಅಂತ ಅನ್ನಿಸ್ಕೊಂಡೆ."

"ನಿಮ್ ಅಡುಗೇನ ಅವ್ರು ಹೊಗಳ್ತಾರೆ," ಎಂದೆ. ಯಾವ ಸುಳ್ಳೂ ಹೊಳೆಯಲಿಲ್ಲ.

ಅವಳು ತಿಕ್ಕುವುದನ್ನು ನಿಲ್ಲಿಸಿದಳು. ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. ಪಾತ್ರೆ ತೊಳೆದು ಎತ್ತಿಕೊಂಡು ಒಳಗೆ ಹೋದಳು.

ಮತ್ತೆ ನಮ್ಮ ಮನೆಗೆ ಅವಳು ಏನನ್ನೂ ಕಳಿಸಲಿಲ್ಲ. "ಯಾಕೆ, ಜಗಳ ಆಡಿದ್ಯಾ?" ಎಂದು ನನ್ನ ಗಂಡ ಕೇಳಿದರು. ಇಲ್ಲ ಅಂದೆ. ಅವಳು ಎದುರು ಮನೆಯಾಕೆಯ ಸ್ನೇಹ ಮಾಡಿಕೊಂಡಳು. ಮಧ್ಯಾಹ್ನ ಇಬ್ಬರೂ ಜಗುಲಿಯ ಮೇಲೆ ಕೂತು ಸೊಪ್ಪು ಸೋಸುತ್ತ ಗುಸುಗುಸು ಮಾತಾಡಿ ನಗುತ್ತಿದ್ದರು. ಕಿಟಕಿಯಿಂದ ನೋಡುತ್ತ ನನಗೆ ಎದುರು ಮನೆಯಾಕೆಯ ಮೇಲೆ ಹೊಟ್ಟೆಕಿಚ್ಚು ಹತ್ತಿತು. ಅದು ಮೊದಲಿನದಕ್ಕಿಂತ ಜೋರಾಗಿಯೇ ಇತ್ತು.

ಹದಿನೈದು ದಿನ ತಡೆದೆ. ಒಂದು ಮಧ್ಯಾಹ್ನ ಮೆಂತ್ಯ ಸೊಪ್ಪಿನ ಕಟ್ಟು ಹಿಡಿದು, ಯಾರೂ ಕರೆಯದಿದ್ದರೂ ಹೋಗಿ ಜಗುಲಿಯ ತುದಿಯಲ್ಲಿ ಕೂತೆ. ಕಟ್ಟಿನಿಂದ ಒಂದೊಂದೇ ಎಳೆದು ಬೇರು ಮುರಿಯತೊಡಗಿದೆ. ಸ್ವಲ್ಪ ಹೊತ್ತಾದ ಮೇಲೆ ಪಕ್ಕದಾಕೆ ನನ್ನ ಕೈಯಿಂದ ಕಟ್ಟು ಎಳೆದುಕೊಂಡು, "ಬೇರು ಇಂಗಲ್ಲ ಕಣ್ರೀ ಮುರಿಯೋದು," ಎಂದು ತೋರಿಸಿಕೊಟ್ಟಳು.